ಏನಾಗಬೇಕು?

"ಆರೋಪಿ ನಿಮಗೆ ಏನಾಗಬೇಕಮ್ಮ?"

ನ್ಯಾಯಾಧೀಶರು ಕೇಳಿದ್ದು ಅವಳನ್ನು. ಕಟಕಟೆಯಲ್ಲಿ ನಿಂತಿದ್ದ ಲಿಫ್ಟ್ ಮೆಕ್ಯಾನಿಕ್ ಮಾತ್ರ ತನ್ನನ್ನೇ ಕೇಳಿದರೇನೋ ಎಂಬಂತೆ ತಲೆ ತಗ್ಗಿಸಿದ. 'ಸಂಬಂಧಿ ಅನ್ನಿ, ಅಲ್ಲಿಗೇ ಬಾಯಿ ಮುಚ್ಚಿ' ಎಂದು ವಕೀಲರು ಬಾಗಿಲ ಹೊರಗೆ ಅವಳಿಗೆ ಗಿಣಿಪಾಠ ಮಾಡಿಸಿದ್ದರು.

"ಈಗ ಏನೂ ಆಗಬೇಕಿಲ್ಲ ಸ್ವಾಮಿ," ಎಂದಳು ಅವಳು. "ಮೊದಲು ಗಂಡ ಆಗಿದ್ರು."

ಟೈಪಿಸ್ಟರ ಬೆರಳು ನಿಂತಿತು. ವಕೀಲರು ಹಣೆ ಒತ್ತಿಕೊಂಡರು.

ಅವನು ರಿಪೇರಿ ಮಾಡಿದ್ದ ಲಿಫ್ಟು ಕುಸಿದು ಒಬ್ಬರ ಕಾಲು ಮುರಿದಿತ್ತು. ಜಾಮೀನೇನೋ ಬೇಗನೆ ಮಂಜೂರಾಗಿತ್ತು. ಆದರೆ 'ಕರೆದಾಗಲೆಲ್ಲ ಇವನನ್ನು ಕೋರ್ಟಿಗೆ ಹಾಜರುಪಡಿಸುತ್ತೇನೆ, ತಪ್ಪಿದರೆ ನನ್ನ ಆಸ್ತಿ ಹೋಗಲಿ' ಎಂದು ಬರೆದುಕೊಡಲು ಒಬ್ಬರು ಬೇಕಿತ್ತು. ದೇವರು ವರ ಕೊಟ್ಟಿದ್ದ, ಪೂಜಾರಿಯೇ ಇರಲಿಲ್ಲ. ವಕೀಲರು ಹೇಗೋ ನಂಬರು ಹುಡುಕಿ ಫೋನು ಮಾಡಿದರೆ, ಅವನ ತಮ್ಮ ಊರಲ್ಲಿಲ್ಲ ಎಂದು ಆ ತಮ್ಮನೇ ಹೇಳಿದ. ಜೊತೆ ಕೆಲಸದವರೆಲ್ಲ ಬಾಡಿಗೆ ಮನೆಯವರು, ಸ್ವಂತಕ್ಕೆಂದು ತೋರಿಸಲು ಅವರಿಗೇನೂ ಇರಲಿಲ್ಲ. ಎಷ್ಟೋ ಕಟ್ಟಡಗಳ ಜನ ಅವನ ಕೈಕೆಲಸವನ್ನು ನಂಬಿ ಮೇಲೆ ಕೆಳಗೆ ಓಡಾಡಿದ್ದರು. ಅವರಲ್ಲಿ ಯಾರೂ ಅವನ ಮುಖ ಕಂಡವರಲ್ಲ. 'ಕೆಲಸ ನಡೆಯುತ್ತಿದೆ' ಎಂಬ ಫಲಕವನ್ನಷ್ಟೇ ಕಂಡವರು. ಹೀಗಾಗಿ ಬಿಡುಗಡೆಯ ಆದೇಶ ಕಡತದಲ್ಲಿ ಮಲಗಿತ್ತು, ಅವನು ಜೈಲಿನಲ್ಲಿ.

"ಬಾಯಿಗೆ ಬರೋ ನಂಬರ್ ಒಂದೂ ಇಲ್ವೇನ್ರೀ?" ಎಂದು ವಕೀಲರು ಜಾಲರಿಯಾಚೆಯಿಂದ ರೇಗಿದ್ದರು. ಅವನ ಫೋನು ಪೊಲೀಸರ ಬಳಿಯಿತ್ತು. ತಲೆಯಲ್ಲಿ ಉಳಿದಿದ್ದದ್ದು ಒಂದೇ ನಂಬರು. ಯಾರದು ಎಂದು ಕೇಳಿದರೆ, "ಮನೇದು," ಎಂದವನು ತಡೆದು, "ಹಳೇ ಮನೇದು," ಎಂದಿದ್ದ. ಅವಳು ಬರುತ್ತಾಳೆ ಎಂದು ಅಂದುಕೊಂಡಿರಲಿಲ್ಲ.

ಅಂಗಡಿಯಿಂದ ನೇರವಾಗಿ ಬಂದಿದ್ದಳೇನೋ, ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

"ಈತ ತಪ್ಪಿಸಿಕೊಂಡರೆ ನಿಮ್ಮ ಹೊಲಿಗೆ ಅಂಗಡಿ ಹೋಗುತ್ತೆ. ಗೊತ್ತಾ?" ಎಂದರು ನ್ಯಾಯಾಧೀಶರು.

"ಗೊತ್ತು ಸ್ವಾಮಿ. ನನಗಿರೋದು ಅದೊಂದೇ."

"ಮತ್ತೆ ಯಾವ ಧೈರ್ಯದ ಮೇಲೆ ಜಾಮೀನು ನಿಲ್ತೀರಿ? ಕರೆದಾಗ ಬರ್ತಾರೆ ಅಂತ ಏನು ಭರವಸೆ?"

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮನೆ ಬಿಟ್ಟ ದಿನ, 'ಇನ್ನು ಬರೋದಿಲ್ಲ' ಅಂದಿದ್ರು. ಬರಲೇ ಇಲ್ಲ. ಆಡಿದ ಮಾತಿಗೆ ತಪ್ಪೋರಲ್ಲ ಸ್ವಾಮಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಕನ್ನಡಕ ತೆಗೆದು ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿ, "ಸಹಿ ಹಾಕಿಸಿಕೊಳ್ಳಿ," ಎಂದರು.

ಸಂಜೆ ಜೈಲಿನ ಗೇಟು ಅವನನ್ನು ಹೊರಗೆ ಬಿಟ್ಟಿತು. ರಸ್ತೆಯಾಚೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳೊಬ್ಬಳೇ ಕುಳಿತಿದ್ದಳು. ಎದುರು ಹೋಗಿ ನಿಂತ. 'ನೀನು' ಅನ್ನಬೇಕೋ 'ನೀವು' ಅನ್ನಬೇಕೋ ತಿಳಿಯಲಿಲ್ಲ. ಎರಡೂ ಬೇಡದ ಮಾತೊಂದನ್ನು ಹುಡುಕಿ, "ನಂಬರು ಇನ್ನೂ ಅದೇನಾ?" ಎಂದ.

"ಅದೇ. ಯಾರೂ ಮಾಡ್ತಿರಲಿಲ್ಲ, ಅಷ್ಟೆ."

ಅವಳ ಕಣ್ಣು ಅವನ ಅಂಗಿಯ ಮೇಲೆ ಹರಿಯಿತು. "ಭುಜ ಇಳಿದುಬಿಟ್ಟಿದೆ," ಎಂದಳು, ಗಿರಾಕಿಯೊಬ್ಬನಿಗೆ ಹೇಳಿದ ಹಾಗೆ. ಅವಳು ಬಸ್ಸು ಬರುವ ದಿಕ್ಕನ್ನು ನೋಡಿದಳು. ಅವನು ಅದೇ ದಿಕ್ಕನ್ನು ನೋಡಿದ. ಅವನ ಕೋಣೆಯಿದ್ದದ್ದು ಇನ್ನೊಂದು ಕಡೆ.

ಹೆಚ್ಚು ಹೊತ್ತು ನಿಂತರೆ ತಪ್ಪಾದೀತೆಂದು ತಿರುಗಿದ. ಹೊರಡುವವರು ಯಾರೇ ಆಗಲಿ ಯೋಚಿಸದೆ ಆಡುವ ಮಾತು ಅವನ ಬಾಯಿಂದಲೂ ಬಂತು.

"ಬರ್ತೀನಿ."

ಟೇಪು ಸುತ್ತುತ್ತಿದ್ದ ಅವಳ ಕೈ ನಿಂತಿತು.

"ಕೋರ್ಟಿಗೆ ತಾನೆ?" ಎಂದಳು.