ಅಂಬಾಸಿಡರಿಗೆ ಔಷಧ

ಬೆಳಗಿನ ಪೂಜೆಗೆ ಹೂವು ಹರಿಯಲು ಹಿತ್ತಲಿಗೆ ಬಂದ ಮಹಾದೇವಮ್ಮ, ಡ್ರೈವರ್ ಗುಲಾಮ್ ರಸೂಲನನ್ನು ಪೆಟ್ರೋಲ್ ಡಬ್ಬಿಯ ಸಮೇತ ಹಿಡಿದರು. ಶೆಡ್ಡಿನಲ್ಲಿ ನಿಂತ ಅಂಬಾಸಿಡರಿನ ಟ್ಯಾಂಕಿನ ಮುಚ್ಚಳ ತೆಗೆದಿತ್ತು. ರಸೂಲ ಹದಿನಾರು ವರ್ಷ ಆ ಮನೆಯ ಅನ್ನ ಉಂಡವನು. ಇನ್ನು ಶಹಾಬಾದಿನಲ್ಲಿ ತನ್ನನ್ನು ಯಾರೂ ಗಾಡಿಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂಬುದೊಂದೇ ಅವನಿಗೆ ಹೊಳೆದದ್ದು.

ಮಹಾದೇವಮ್ಮ ಕೂಗಾಡುವ ಹೆಂಗಸಲ್ಲ. ಗಂಡನನ್ನು ಕರೆದರು, ಅಷ್ಟೆ. ರಾವೂರಿನ ಕಲ್ಲು ಖಣಿಯ ಸಾವ್ಕಾರ ದೇವಿಂದ್ರಪ್ಪ ಬೇವಿನ ಕಡ್ಡಿ ಕಚ್ಚಿಕೊಂಡೇ ಬಂದವರು, ಡಬ್ಬಿ ನೋಡಿದ್ದೇ ಕಡ್ಡಿ ಉಗುಳಿದರು.

"ಔಷಧ ಹಾಕಿ ನಾ ಉಳಿಸಿದ ಪೆಟ್ರೋಲಿಗೂ ಕೈ ಹಾಕಲಿಕತ್ತೀದೇನು?"

ಪೆಟ್ರೋಲಿನ ಬೆಲೆ ಒಮ್ಮೆಲೇ ಏರಿ ಕಾರಿದ್ದವರೆಲ್ಲ ಬಾಯಿ ಬಡಿದುಕೊಂಡ ವರ್ಷ ಅದು. ಸಾಲದ್ದಕ್ಕೆ ಸಾವ್ಕಾರರ ಗಾಡಿ ಮೊದಲಿಗಿಂತ ಹೆಚ್ಚು ಕುಡಿಯತೊಡಗಿತ್ತು. ಖಣಿಯ ಧೂಳಿಗೆ ಕಾರ್ಬರೇಟರ್ ಸವೆದಿದೆ, ಬದಲಿಸಬೇಕು ಎಂದು ರಸೂಲ ಹೇಳಿದರೆ, ಅದು ಮೆಕ್ಯಾನಿಕ್ಕಿನ ಜೊತೆ ಸೇರಿ ಹೂಡಿದ ಆಟವೆಂದು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಹೈದರಾಬಾದಿನಿಂದ ಕೆಂಪು ಔಷಧದ ಒಂದು ಡಜನ್ ಬಾಟಲಿ ತಂದರು. ಟ್ಯಾಂಕಿಗೆ ಒಂದು ಮುಚ್ಚಳ ಸುರಿದರೆ ಲೀಟರಿಗೆ ಮೂರು ಕಿಲೋಮೀಟರ್ ಹೆಚ್ಚಿಗೆ ಓಡುತ್ತದಂತೆ. ಸುರಿಯುವಾಗ ರಸೂಲನ ಮುಖವನ್ನೇ ನೋಡುತ್ತ, "ಇದು ಹಾಕಿದ ಮ್ಯಾಲೂ ಹಿಂಗೇ ಕುಡದ್ರ, ಕುಡಿಯಾದು ಗಾಡಿ ಅಲ್ಲ" ಎಂದಿದ್ದರು. ಔಷಧವೇನೋ ಗುಣ ಕೊಟ್ಟಿತು. ಎರಡು ತಿಂಗಳಿಂದ ಸಾವ್ಕಾರರು ಕಂಡಕಂಡವರ ಮುಂದೆ ಅದನ್ನು ಹೊಗಳಿದ್ದೇ ಹೊಗಳಿದ್ದು.

"ತಡೀರಿ," ಎಂದರು ಮಹಾದೇವಮ್ಮ. ಅವರು ಟ್ಯಾಂಕಿನ ಬಾಯನ್ನೇ ನೋಡುತ್ತಿದ್ದರು. "ಕದಿಯಾವಗ ಪೈಪ್ ಬೇಕು. ಇಂವ ಲಾಳಿಕಿ ಇಟ್ಟಾನ."

ಹೌದು, ಟ್ಯಾಂಕಿನ ಬಾಯಿಗೆ ಎಣ್ಣೆ ಸುರಿಯುವ ತಗಡಿನ ಲಾಳಿಕೆ ಇತ್ತು. ಡಬ್ಬಿ ಅರ್ಧ ಖಾಲಿಯಾಗಿತ್ತು.

ಆಗ ರಸೂಲ ಬಾಯಿ ಬಿಟ್ಟ. ಆ ಕೆಂಪು ನೀರಿನಿಂದ ಏನೂ ಆಗುವುದಿಲ್ಲವೆಂದು ಅವನಿಗೆ ಮೊದಲ ವಾರವೇ ತಿಳಿದಿತ್ತು. ಆದರೆ ಔಷಧ ಸೋತರೆ ತಾನು ಕಳ್ಳ. ಅದಕ್ಕೇ ಮೂರು ದಿನಕ್ಕೊಮ್ಮೆ, ಮನೆಯವರು ಏಳುವ ಮೊದಲು, ಸ್ವಂತ ದುಡ್ಡಿನ ಎರಡು ಲೀಟರ್ ತಂದು ಹೊಯ್ಯುತ್ತಿದ್ದ. ಶುಕ್ರವಾರದ ಮಟನ್ ನಿಂತೇಹೋಗಿತ್ತು. ತನ್ನ ಹೊಟ್ಟೆ ಸರಿಯಿಲ್ಲವೆಂದು ಹೆಂಡತಿ ಆಶಾಬಿಗೆ ಸುಳ್ಳು ಹೇಳಿದ್ದ. ಇದನ್ನೆಲ್ಲ ಅವನು ಕಳ್ಳತನ ಒಪ್ಪಿಕೊಳ್ಳುವವನ ಹಾಗೆ ತಲೆ ತಗ್ಗಿಸಿ ಹೇಳಿದ.

ದೇವಿಂದ್ರಪ್ಪ ಗಾಡಿಯ ಬಂಪರಿನ ಮೇಲೆ ಕುಂತರು.

"ಹುಚ್ಚಪ್ಯಾಲಿ, ನನಗ ಹೇಳಬಾರದಿತ್ತೇನು?"

"ಹೇಳಿದ್ದೆ ಸಾವ್ಕಾರ್ರೇ. ಕಾರ್ಬರೇಟರ್ ಹೋಗ್ಯಾದ ಅಂತ ಮೂರು ಸಲ ಹೇಳಿದ್ದೆ."

ಇವತ್ತೇ ಹೊಸ ಕಾರ್ಬರೇಟರ್ ಹಾಕಿಸು ಎಂದರು ಸಾವ್ಕಾರರು. ತಪ್ಪಾಯಿತು ಅನ್ನುವುದು ಅವರ ಜಾಯಮಾನವಲ್ಲ, ಇದನ್ನೇ ಹಾಗೆಂದು ತಿಳಿದುಕೊಳ್ಳಬೇಕು. ರಸೂಲ ತಿಳಿದುಕೊಂಡ. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಅವನಿಗೆ ನಗು ಬಂತು, ಕಣ್ಣೂ ತುಂಬಿತು. ಸಾವ್ಕಾರರೂ ನಕ್ಕರು. ಮನೆಯ ಮನುಷ್ಯನೇ ಕಳ್ಳನೆಂದು ಅನುಮಾನಪಟ್ಟು ಅವರಿಗೂ ನಿದ್ದೆ ಕೆಟ್ಟಿತ್ತು. ಎಂಥ ಮೋಸಗಾರರು ಮಾರಾಯ ಆ ಔಷಧದವರು, ಅರ್ಧ ಡಜನ್ ಬಾಟಲಿ ಸೇಡಮಿನ ಬೀಗರಿಗೂ ಕೊಟ್ಟುಬಂದೆ ಎಂದು ತಮ್ಮನ್ನೇ ಹಾಸ್ಯ ಮಾಡಿಕೊಂಡರು. ಹಾಗೆನ್ನುತ್ತಲೇ ಅವರ ನಗು ನಿಂತಿತು.

"ಭಾಳ ಛಲೋ ಔಷಧ, ನಮ್ಮ ಗಾಡಿ ಈಗ ಕಡಿಮಿ ಕುಡಿತದ ಅಂತ ಮೊನ್ನೆ ಬೀಗರು ಕಾಗದ ಬರದಾರ."

"ಅವರ ಗಾಡಿ ಯಾರು ಹೊಡಿತಾರ?" ಮಹಾದೇವಮ್ಮ ಮೆಲ್ಲಗೆ ಕೇಳಿದರು.

"ಬಂದೇಅಲಿ," ಎಂದ ರಸೂಲ. "ಐದು ಮಕ್ಕಳ ತಂದಿ ಅವ್ವಾರೇ."

ದೇವಿಂದ್ರಪ್ಪ ಬಂಪರಿನಿಂದ ಎದ್ದರು.

"ಗಾಡಿ ತೆಗಿ ರಸೂಲ. ಮೊದಲ ಸೇಡಮಿಗೆ ನಡಿ."