ಬೆಂಚಿನ ನಗು

ಕೋಣೆಯ ಬಾಗಿಲು ಬಡಿದು ಬಡಿದು ಕೈ ಸೋತ ಕಂಡಕ್ಟರ್ ಕೊನೆಗೆ ತಾನೇ ಒಳಗೆ ನುಗ್ಗಿದಾಗ, ಟೈಲರ್ ತಾತ ಗೋಡೆಗೆ ಮುಖ ಮಾಡಿ ಮಲಗಿದ್ದ. ಭುಜ ಹಿಡಿದು ಅಲುಗಾಡಿಸಿದ ಮೇಲೆ ತಿರುಗಿದ. ಬಂದವನು ಯಾರೆಂದು ಕಂಡಿದ್ದೇ ತಡ, ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡ.

ಎಳೆದುಕೊಳ್ಳದೆ ಇನ್ನೇನು? ಹೋದ ತಿಂಗಳು ಕ್ಷೌರದಂಗಡಿಯ ಮುಂದಿನ ಬೆಂಚಿನಲ್ಲಿ ಹಳೇ ಗೆಳೆಯರಾದ ಮೇಷ್ಟ್ರು, ಪೇಂಟರ್, ತಾತನ ಜೊತೆ ಕೂತು ಇದೇ ಕಂಡಕ್ಟರ್ ಏನೋ ಹೇಳಿ ನಿಲ್ಲಿಸಿದಾಗ, ತಾತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕಂಡಕ್ಟರ್ ಬಾಯಿ ಮುಚ್ಚಿದನೆಂದರೆ ಜೋಕು ಮುಗಿಯಿತು ಎಂಬುದು ತಾತನ ಎಷ್ಟೋ ವರ್ಷದ ಲೆಕ್ಕ. ಸಂಜೆ ಸೊಸೆ ಕಿವಿಯ ಹತ್ತಿರ ಕೂಗಿ ಹೇಳಿದಳು: "ಮಾವ, ಕಂಡಕ್ಟರ್ ಅವರ ಅಣ್ಣ ತೀರಿಕೊಂಡ್ರಂತೆ!" ಅಂದಿನಿಂದ ತಾತನಿಗೆ ಬೆಂಚೂ ಬೇಡ, ಊಟವೂ ಬೇಡ. ಮಗ ತಂದ ಕಿವಿ ಮೆಷಿನ್ನು ಡಬ್ಬಿಯಿಂದ ಹೊರಗೇ ಬರಲಿಲ್ಲ. ವಯಸ್ಸಾಯಿತು, ಅದಕ್ಕೇ ಮಂಕಾಗಿದ್ದಾರೆ ಎಂದರು ಮನೆಯವರು. ವಯಸ್ಸೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ! ಮನುಷ್ಯ ನಾಚಿಕೆಯಿಂದ ಕುಗ್ಗಿ, ಒಂಟಿತನದಲ್ಲಿ ಒಣಗುತ್ತಿದ್ದ.

"ತಪ್ಪಾಯ್ತು ಕಣಪ್ಪಾ," ತಾತ ಒಳಗಿಂದಲೇ ಗೋಗರೆದ. "ನನ್ ಕಿವಿ ಹೋಗಿ ಯಾವ ಕಾಲ ಆಯ್ತೋ. ನೀನು ಹೇಳಿದ್ದೇನೂ ಕೇಳಿಸ್ತಿರ್ಲಿಲ್ಲ, ಸುಮ್ನೆ ನಗ್ತಿದ್ದೆ. ಈ ಮುಖ ಹೊತ್ಕೊಂಡು ಎಲ್ಲಿಗೆ ಬರ್ಲಿ?"

ಕಂಡಕ್ಟರ್ ಹೊದಿಕೆ ಕಿತ್ತೆಸೆದು, ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ಹಾಗೆ ಕೂಗಿದ: "ಅವತ್ತು ನೀನೊಬ್ನೇ ನಕ್ಕಿದ್ದೇನೋ? ಮೇಷ್ಟ್ರೂ ನಕ್ರು, ಪೇಂಟರೂ ನಕ್ಕ!"

"ಅಯ್ಯೋ, ಅವರಿಗೂ ಕರುಣೆ ಇಲ್ವಾ?"

"ಕರುಣೆ ಇದೆ ಕಣೋ, ಕಿವಿ ಇಲ್ಲ! ನಿನ್ನೆ ಇಬ್ರೂ ಬಾಯಿಬಿಟ್ರು. ನಿನ್ ಮುಖ ನೋಡ್ಕೊಂಡು, ನೀನು ನಕ್ಕಾಗ ನಗ್ತಿದ್ರಂತೆ."

ತಾತ ಎದ್ದು ಕೂತ. "ನಿಂಗೆಷ್ಟು ನೋವಾಯ್ತೋ ಏನೋ."

"ಆಯ್ತು, ಸುಳ್ಳು ಯಾಕೆ ಹೇಳ್ಲಿ. ಮನೆಗೆ ಹೋಗಿ ಮೂವರ ಜನ್ಮಾನೂ ಜಾಲಾಡ್ದೆ. ಆದ್ರೆ ನಮ್ಮಣ್ಣ ಇದ್ದಿದ್ರೆ, ಇದನ್ನ ಕೇಳಿ ನಿಮಗಿಂತ ಜೋರಾಗಿ ನಗ್ತಿದ್ದ. ಏಳೋ ಈಗ! ನೀನಿಲ್ದೆ ಅವರಿಬ್ರೂ ಒಬ್ಬರ ಮುಖ ಒಬ್ರು ನೋಡ್ಕೊಂಡು ಕೂರ್ತಾರೆ. ನನ್ ಜೋಕೆಲ್ಲಾ ಹೊಳೇಲಿ ಹುಣಸೆ ಹಣ್ಣು ತೊಳೆದಂಗಾಗಿದೆ."

ಅವನೇ ಡಬ್ಬಿ ಹುಡುಕಿ ತಂದ. ತಾತ ಮೆಷಿನ್ನು ಕಿವಿಗೆ ಸಿಕ್ಕಿಸಿಕೊಂಡ. "ಎಲ್ಲಿ, ಒಂದು ಹೇಳು ನೋಡೋಣ."

ಕಂಡಕ್ಟರ್ ಗಂಟಲು ಸರಿಮಾಡಿಕೊಂಡು, ತನ್ನ ಜೋಕುಗಳಲ್ಲೇ ಅತಿ ಒಳ್ಳೆಯದನ್ನು ಆರಿಸಿ, ಕೈ ಬಾಯಿ ತಿರುಗಿಸಿ ಹೇಳಿದ. ತಾತ ಒಂದಕ್ಷರವೂ ಬಿಡದೆ ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು, ಗೆಳೆಯನ ಮುಖವನ್ನೇ ದಿಟ್ಟಿಸಿದ.

"ಥೂ ನಿನ್ನ! ಇಷ್ಟು ವರ್ಷ ನಾವು ನಗ್ತಿದ್ದದ್ದು ಇಂಥದಕ್ಕಾ?"