ಮೂರನೆಯ ವಾಲ್ವು

ಒಂದು ಹನಿಯೂ ಸೋರಲಿಲ್ಲ. ಮೇಸ್ತ್ರಿಯ ಎದೆ ಧಸಕ್ಕೆಂದಿತು.

ಹಳೇ ಕಾರಿನ ಎಂಜಿನ್ನಿಗೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ಡು ಬೆಂಚಿನ ಮೇಲೆ ಮಗುಚಿಕೊಂಡಿತ್ತು. ವಾಲ್ವುಗಳ ಮೇಲೆ ಸುರಿದ ಸೀಮೆಎಣ್ಣೆ ಸುಮ್ಮನೆ ನಿಂತಿತ್ತು. ಸೋರದಿದ್ದರೆ ಕೆಲಸ ಮುಗಿಯಿತೆಂದೇ ಅರ್ಥ. ಮುಗಿದರೆ ಅದನ್ನು ರಿಪೇರಿಗೆ ತಂದ ಕನ್ನಡಕದವರು ಹೆಡ್ಡು ಹೊತ್ತುಕೊಂಡು ಹೋಗುತ್ತಾರೆ. ಆಮೇಲೆ ಈ ವರ್ಕ್‌ಶಾಪಿನ ಕಡೆ ನರಪಿಳ್ಳೆಯೂ ಸುಳಿಯುವುದಿಲ್ಲ.

ಹೊರಗೆ ಚಪ್ಪಲಿ ಸದ್ದಾಯಿತು. ಮೇಸ್ತ್ರಿ ಕೈ ಒರೆಸುವ ಬಟ್ಟೆಯಿಂದ ಒಂದು ದಾರ ಕಿತ್ತ. ಮೂರನೆಯ ವಾಲ್ವನ್ನು ಒಂಚೂರು ಎತ್ತಿ, ಅಡಿಗೆ ದಾರ ಸಿಕ್ಕಿಸಿ ಬಿಟ್ಟ. ಸೀಮೆಎಣ್ಣೆ ತೊಟ್ಟಿಕ್ಕತೊಡಗಿತು.

"ಏನ್ ಮೇಸ್ತ್ರಿ, ಇವತ್ತಾದ್ರೂ ನಿಲ್ತಾ?"

"ಎಲ್ಲಿ ಸ್ವಾಮಿ! ಮೂರನೇದು ಇನ್ನೂ ಸೋರ್ತಿದೆ. ನೀವೇ ನೋಡಿ."

ಕನ್ನಡಕದವರು ಬಗ್ಗಿ ನೋಡಿದರು. ಜೀವಮಾನವಿಡೀ ಕನ್ನಡಕದ ಅಂಗಡಿಯಲ್ಲಿ ಕೂತು, ಸಾಸಿವೆಯಷ್ಟು ಸ್ಕ್ರೂಗಳನ್ನು ತಿರುಗಿಸಿದ ಮನುಷ್ಯ. ತುಸು ಹೊತ್ತು ನೋಡಿ, ಸ್ಟೂಲು ಎಳೆದುಕೊಂಡು ಕೂತರು.

"ಸೋರ್ತಿದೆ, ಸೋರ್ತಿದೆ. ನಿಧಾನಕ್ಕೆ ಆಗ್ಲಿ. ಹೆಡ್ಡಿನ ಕೆಲಸದಲ್ಲಿ ಅವಸರ ಪಡೋನು ಹೆಡ್ಡ!" ತಮ್ಮ ಮಾತಿಗೆ ತಾವೇ ನಕ್ಕು, ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿದರು.

ಮೊದಲ ಸಲ ಬಂದಾಗ ಎರಡು ಹೆಡ್ಡು ತಂದಿದ್ದರು. ಒಂದು ಕಬ್ಬಿಣದ್ದು, ಇನ್ನೊಂದು ಅಲ್ಯೂಮಿನಿಯಂನದು. ಎರಡರ ಮೇಲೂ ಗುಜರಿ ಅಂಗಡಿಯ ಸೀಮೆಸುಣ್ಣದ ಗುರುತು. "ಯಾವುದರಲ್ಲಿ ಕೆಲಸ ಜಾಸ್ತಿ?" ಎಂದು ಕೇಳಿದ್ದರು. ಅಲ್ಯೂಮಿನಿಯಂನದು ಮುಂದಿನ ಮಾಡೆಲ್ಲಿನದು. ಹಳೇ ಎಂಜಿನ್ನಿಗೆ ಕೂರಬೇಕಾದರೆ ನೀರಿನ ತೂತು ಮುಚ್ಚಿ ಬೇರೆ ಕಡೆ ಕೊರೆಯಬೇಕು, ಹೊಗೆ ಹೋಗುವ ದಾರಿಯನ್ನು ಉಜ್ಜಿ ಅಗಲ ಮಾಡಬೇಕು. "ಹಾಗಾದ್ರೆ ಅದೇ ಇರ್ಲಿ" ಎಂದಿದ್ದರು. ಶೋಕಿಯ ಆಸಾಮಿ ಎಂದುಕೊಂಡ ಮೇಸ್ತ್ರಿ. ತೂತುಗಳ ಅಳತೆಗೆ ಕಾರಿನಲ್ಲಿ ಹೆಡ್ಡಿನಡಿ ಕೂರುವ ಹಳೇ ಗ್ಯಾಸ್ಕೆಟ್ ಬಿಚ್ಚಿ ತನ್ನಿ ಎಂದರೆ, ಕವರು ಕೂಡ ಹರಿಯದ ಹೊಸದನ್ನು ತಂದುಕೊಟ್ಟಿದ್ದರು.

ಈಗ ಹೆಡ್ಡು ರಿಪೇರಿ ಮಾಡಿಸುವವರಾರು? ಕೆಟ್ಟರೆ ಎಸೆಯುತ್ತಾರೆ. ಮೇಸ್ತ್ರಿಗೆ ಹಿಂದಿಲ್ಲ ಮುಂದಿಲ್ಲ. ಇವರು ಬರುವ ಮುಂಚೆ ಲೇತಿನ ಜೊತೆಗೇ ಮಾತಾಡುತ್ತಿದ್ದ. ಆದರೂ ನಂಬಿ ಬಂದವರಿಗೆ ಹೀಗೆ ಟೋಪಿ ಹಾಕುವುದೇ? ಇವರ ಕಾಫಿ ಕುಡಿಯುವಾಗೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು.

ದಾರ ಸಿಕ್ಕಿಸುತ್ತಲೇ ದಿನಗಳು ಕಳೆದವು. ಒಂದು ದಿನ ಕನ್ನಡಕದವರು ಬರಲಿಲ್ಲ. ಮರುದಿನವೂ ಇಲ್ಲ. ರಸ್ತೆಯಲ್ಲಿ ಚಪ್ಪಲಿ ಸದ್ದಾದಾಗೆಲ್ಲ ಮೇಸ್ತ್ರಿ ಕತ್ತೆತ್ತಿದ. ರೋಸಿಹೋಗಿರಬೇಕು, ಪಾಪ. ಅಲ್ಲಿ ಅವರ ಕಾರು ಹೆಡ್ಡಿಲ್ಲದೆ ಧೂಳು ತಿನ್ನುತ್ತಿದೆ. ಇಲ್ಲಿ ತಾನು ದಾರ ಸಿಕ್ಕಿಸಿಕೊಂಡು ಕೂತಿದ್ದೇನೆ. ಸಾಕು ಈ ಹಾಳು ಆಟ. ದಾರ ಕಿತ್ತೆಸೆದು, ಹೆಡ್ಡನ್ನು ಗೋಣಿಯಲ್ಲಿ ಸುತ್ತಿ, ಸೈಕಲ್ಲಿಗೆ ಬಿಗಿದುಕೊಂಡು ಅವರ ಮನೆಗೆ ಹೊರಟ. ತಾನೇ ಕೂರಿಸಿ, ಕಾರು ಸ್ಟಾರ್ಟ್ ಮಾಡಿಕೊಟ್ಟು ಬರುವುದೆಂದು ತೀರ್ಮಾನಿಸಿದ್ದ.

ಕನ್ನಡಕದವರು ಮಫ್ಲರು ಸುತ್ತಿಕೊಂಡೇ ಬಾಗಿಲು ತೆಗೆದರು. ನೆಗಡಿಯಿಂದ ಮೂಗು ಕೆಂಪಾಗಿತ್ತು.

"ಸೋರೋದು ನಿಲ್ತು ಸ್ವಾಮಿ. ಕಾರೆಲ್ಲಿ? ನಾನೇ ಕೂರಿಸಿಕೊಡ್ತೀನಿ."

ಅವರ ಮುಖ ಬಾಡಿತು. "ನಿಂತೇಬಿಡ್ತಾ?"

ಮೇಸ್ತ್ರಿ ಪಕ್ಕದ ಶೆಡ್ಡಿನ ಬಾಗಿಲು ಎಳೆದ. ಮೂಲೆಯಲ್ಲಿ ಆ ಕಬ್ಬಿಣದ ಹೆಡ್ಡು ಕೂತಿತ್ತು. ಗುಡಿಸಿದ ನೆಲದಲ್ಲಿ ಎಣ್ಣೆಯ ಒಂದು ಕಲೆಯೂ ಇರಲಿಲ್ಲ. ಕಾರೂ ಇರಲಿಲ್ಲ.

"ನಮ್ಮನೆಯವಳು ತೀರಿಕೊಂಡ ಮೇಲೆ ಮಾರಿಬಿಟ್ಟೆ," ಎಂದರು ಕನ್ನಡಕದವರು ಹಿಂದಿನಿಂದ. "ಪಕ್ಕದ ಸೀಟು ಖಾಲಿ ಇಟ್ಕೊಂಡು ಓಡಿಸೋಕಾಗ್ಲಿಲ್ಲ ಮೇಸ್ತ್ರಿ. ಮನೇಲಿ ಮಾತಿಗೆ ಯಾರಿದಾರೆ? ನಿಮ್ಮ ಹತ್ರ ಬಂದು ಕೂರೋಕೆ ಒಂದು ನೆಪ ಬೇಕಿತ್ತು."

ಮೇಸ್ತ್ರಿ ಹೆಡ್ಡಿನ ಹಗ್ಗವನ್ನು ಮತ್ತಷ್ಟು ಬಿಗಿದು, ಸೈಕಲ್ಲು ತಿರುಗಿಸಿದ.

"ನಾನು ಸರಿಯಾಗಿ ನೋಡಿರ್ಲಿಲ್ಲ ಸ್ವಾಮಿ. ಮೂರನೇದು ಇನ್ನೂ ಸೋರ್ತಿದೆ. ನೆಗಡಿ ವಾಸಿಯಾದ್ಮೇಲೆ ಬನ್ನಿ."

"ಬರ್ತೀನಿ," ಎಂದರು ಕನ್ನಡಕದವರು. "ಆದ್ರೆ ದಾರ ಮಾತ್ರ ಸ್ವಲ್ಪ ತೆಳ್ಳಗಿರೋದು ಇಡಿ ಮೇಸ್ತ್ರಿ, ಮೊದಲ ದಿನದಿಂದ ಕಣ್ಣಿಗೆ ಹೊಡೀತಿದೆ."